ನಂಗಲಿಯ ಖಾದರ್ ಅಲೆಯೇರಿದ್ದು

ನಂಗಲಿಯ ಅಬ್ದುಲ್ ಖಾದರ್ ಹಣ್ಣಿನ ಪೆಟ್ಟಿಗೆ ಮಾಡುವ ಬಡಗಿ. ಯಲ್ದೂರಿನ ಮಾವು ಮದರಾಸಿಗೆ ಹೊರಟಾಗಲೆಲ್ಲ ಲಾರಿಯ ಜೊತೆ ಅವನೂ ಹೋಗುತ್ತಿದ್ದ. ದಾರಿಯಲ್ಲಿ ಸಡಿಲವಾದ ಪೆಟ್ಟಿಗೆಗಳಿಗೆ ಮೊಳೆ ಹೊಡೆಯಬೇಕಲ್ಲ. ವಯಸ್ಸು ಮೂವತ್ತು ದಾಟಿದ್ದರೂ ಈಜು ಬಾರದು. ಊರ ಕೆರೆಯಲ್ಲಿ ಕೂಡ ಮೊಣಕಾಲು ಮೀರಿ ಇಳಿದವನಲ್ಲ.

ಮೂವತ್ತೇಳನೇ ಇಸವಿಯ ಬೇಸಿಗೆಯಲ್ಲಿ ಲಾರಿಯ ಅಚ್ಚು ಮದರಾಸಿನಲ್ಲಿ ಮುರಿಯಿತು. ರಿಪೇರಿ ಆಗುವವರೆಗೆ ಮಾಡಲು ಕೆಲಸವಿಲ್ಲ. "ಎಲ್ಲಾದ್ರೂ ತಿರುಗಾಡ್ಕೊಂಡು ಬಾ ಹೋಗು" ಎಂದು ಲಾರಿ ಮಾಲೀಕ ಕೋದಂಡರಾಮಪ್ಪ ಕಳಿಸಿದ.

ಖಾದರ್ ಸಮುದ್ರದ ದಂಡೆಗೆ ಹೋದ. ಅಲ್ಲಿ ಬೆಸ್ತರು ಬಲೆ ಒಣಹಾಕಿ, ಮೋಜಿಗೆಂದು ಗಿಡ್ಡ ಹಲಗೆಗಳ ಮೇಲೆ ಬೋರಲು ಮಲಗಿ ಅಲೆಯ ಜೊತೆ ದಡಕ್ಕೆ ಜಾರಿ ಬರುತ್ತಿದ್ದರು. ಅವನು ಮಧ್ಯಾಹ್ನದ ಊಟ ಮರೆತು ನೋಡುತ್ತ ನಿಂತ. ಕದಿರೇಶ ಎಂಬ ನಡುವಯಸ್ಸಿನ ಬೆಸ್ತ ಹತ್ತಿರ ಬಂದು ತೆಲುಗಿನಲ್ಲಿ ಮಾತಾಡಿಸಿದ. ತೆಲುಗು ಖಾದರನಿಗೂ ನೀರು ಕುಡಿದಷ್ಟು ಸಲೀಸು.

"ನೋಡಿದ್ದು ಸಾಕು, ಇಳಿ."

"ನಂಗೆ ಈಜು ಬರಲ್ಲಪ್ಪಾ."

"ಸೊಂಟದ ಮಟ್ಟ ನೀರು. ಹಲಗೆ ಬಿಡಬೇಡ, ಅಷ್ಟೇ."

ಖಾದರ್ ಲುಂಗಿ ಕಚ್ಚೆ ಹಾಕಿ ಇಳಿದ. ಮೊದಲ ಅಲೆ ಅವನನ್ನು ಮಗುಚಿ ಹಾಕಿತು. ಮೂಗು ಬಾಯಿಗೆಲ್ಲ ಉಪ್ಪುನೀರು, ಮೊಣಕೈ ತರಚಿ ಉರಿಯತೊಡಗಿತು. ಎದ್ದು ಹೋಗಿಬಿಡೋಣ ಅನ್ನಿಸಿತು. ಆದರೂ ಹೋಗಲಿಲ್ಲ. ಮಾರನೆಯ ದಿನವೂ ಬಂದು ಬಿದ್ದ.

"ಅಲೆ ಕಂಡ ತಕ್ಷಣ ಹಾರ್ತೀಯ," ಎಂದ ಕದಿರೇಶ. "ಅದು ನಿನ್ನ ಎತ್ತೋ ತನಕ ಕಾಯಿ. ಆಮೇಲೆ ಕಾಲು ಬಡಿ."

ಆ ಸಂಜೆ ಒಂದು ಅಲೆ, ಯಾರೋ ಸೊಂಟಕ್ಕೆ ಕೈ ಕೊಟ್ಟು ಎತ್ತಿದ ಹಾಗೆ, ಅವನನ್ನು ಎತ್ತಿತು. ಕಿವಿಯಲ್ಲಿ ಭೋರೆನ್ನುವ ಸದ್ದು. ಕಣ್ಣುಬಿಟ್ಟಾಗ ಎದೆಯ ಕೆಳಗೆ ಮರಳಿತ್ತು. ಅವನಿಗೆ ಯಾಕೋ ಜೋರಾಗಿ ನಗು ಬಂತು.

ಊರಿಗೆ ಮರಳಿದಾಗ ಹೆಂಡತಿ ಶರೀಫುನ್ನೀಸಾ ತರಚುಗಾಯಕ್ಕೆ ಅರಿಶಿನ ಹಚ್ಚುತ್ತ ಎಲ್ಲ ಕೇಳಿಸಿಕೊಂಡಳು. "ಮಕ್ಕಳ ಅಪ್ಪ ಆಗಿ ಇದೇನು ಹುಡುಗಾಟ?" ಎಂದಳು. ಖಾದರ್ ಮಾತ್ರ ಬೂರುಗದ ಹಗುರ ಮರ ಹುಡುಕಿ ತನಗೊಂದು ಹಲಗೆ ಕೆತ್ತಿಕೊಂಡ. ಪ್ರತಿ ಮಾವಿನ ಸುಗ್ಗಿಯಲ್ಲೂ ಅದು ಪೆಟ್ಟಿಗೆಗಳ ಮೇಲೆ ಮದರಾಸಿಗೆ ಹೋಗಿ ಬಂತು. ಯುದ್ಧ ಬಂದು ಪೆಟ್ರೋಲು ಸಿಗದಾದ ಮೇಲೆ ಲಾರಿ ಶೆಡ್ಡು ಸೇರಿತು, ಹಲಗೆ ಅಟ್ಟ ಸೇರಿತು.

ನಲವತ್ತಾರರಲ್ಲಿ ಮದರಾಸಿನ ನೆಂಟರ ಮದುವೆಗೆ ಗಂಡ ಹೆಂಡತಿ ಇಬ್ಬರೂ ಹೋದರು. ಅಟ್ಟದ ಹಲಗೆಯೂ ಜೊತೆಗೆ ಹೋಯಿತು. ಮರುದಿನ ಬೆಳಿಗ್ಗೆ ಶರೀಫುನ್ನೀಸಾ ಬುರ್ಖಾ ಹೊದ್ದು ಸಮುದ್ರದ ದಂಡೆಯ ಮರಳ ಮೇಲೆ ಕೂತಳು. ಖಾದರನ ಕಿವಿಯ ಮೇಲೆ ಕೂದಲು ನರೆತಿತ್ತು. ಎರಡು ಸಲ ಉರುಳಿಬಿದ್ದ. ಮತ್ತೆ ಹೋಗಿ, ಅವಸರ ಮಾಡದೆ ಕಾದು, ನೊರೆಯ ಜೊತೆ ನೇರವಾಗಿ ಅವಳ ಮುಂದಕ್ಕೇ ಬಂದು ನಿಂತ.

"ಹೆಂಗಿತ್ತು?" ಎಂದು ಏದುಸಿರು ಬಿಡುತ್ತ ಕೇಳಿದ.

"ಭಯಕ್ಕೆ ಕಣ್ಣು ಮುಚ್ಕೊಂಡಿದ್ದೆ," ಎಂದಳು ಅವಳು. "ಇನ್ನೊಂದ್ಸಲ ಬನ್ನಿ. ನೋಡ್ತೀನಿ."

ಖಾದರ್ ಹಲಗೆ ಬಗಲಲ್ಲಿಟ್ಟುಕೊಂಡು ಮತ್ತೆ ನೀರಿಗೆ ಇಳಿದ.