ಅಡುಗೆಮನೆಯತ್ತ ತಿರುಗಿದ ಕುರ್ಚಿಗಳು

ಶಾಮಿಯಾನದಣ್ಣನ ಬಲ ಹೆಗಲು ಎಡದಕ್ಕಿಂತ ಎರಡು ಬೆರಳು ಇಳಿದಿತ್ತು. ಹನೂರಿನ ಸಭೆ ಸಮಾರಂಭಗಳ ಕಬ್ಬಿಣದ ಕುರ್ಚಿಗಳನ್ನೆಲ್ಲ ಹೊತ್ತದ್ದು ಆ ಹೆಗಲೇ. ಪ್ಲಾಸ್ಟಿಕ್ ಕುರ್ಚಿಗಳ ಕಾಲ ಬಂದಮೇಲೂ ಅದು ಮೇಲಕ್ಕೇರಲಿಲ್ಲ. ಆಳುಗಳಿದ್ದರೂ ವಯಸ್ಸಾದವರಿಗೆ ಕುರ್ಚಿ ಹಾಕುವುದು ಮಾತ್ರ ಅವರೇ; ಟವೆಲಿನಿಂದ ಒರೆಸಿ, ಕಾಲು ಅಲುಗಾಡುತ್ತದೆಯೇ ಎಂದು ಕೈಯೊತ್ತಿ ನೋಡಬೇಕು.

"ಮೊದ್ಲು ನಿಂತೋರ್ನ ಕೂರ್ಸಿ ಸಾ, ಆಮೇಲೆ ಭಾಷ್ಣ ಬಿಗೀರಿ" ಎಂದು ನನ್ನನ್ನು ಚುಚ್ಚುತ್ತಿದ್ದರು. ನಾನು ಊರ ಶಾಲೆಯ ಮೇಷ್ಟ್ರು; ಅಲ್ಲಿನ ಕಾರ್ಯಕ್ರಮಗಳ ನಿರೂಪಣೆ ನನ್ನದು. ಮೈಕು ಸಿಕ್ಕರೆ ನನಗೆ ಊಟದ ಹೊತ್ತೂ ನೆನಪಿರುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ನಮ್ಮ ಬಿಸಿಯೂಟದ ಅಡುಗೆಯವ್ವ ಕೆಲಸ ಬಿಟ್ಟರು. ಊರೆದುರು ಅವರನ್ನು ಸನ್ಮಾನಿಸಲೇಬೇಕೆಂದು ಹಟ ಹಿಡಿದವನು ನಾನು. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಬಂತು. ವೇದಿಕೆಗೆ ಕರೆದರೆ ಅವ್ವನೇ ಇಲ್ಲ. ಮೈದಾನದ ಇನ್ನೊಂದು ತುದಿಯ ಅಡುಗೆಮನೆಯಲ್ಲಿ, ಸಾರಿನ ಪಾತ್ರೆಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು.

"ದೊಡ್ಡೋರ ಸಮಕ್ಕೆ ಕುರ್ಚಿ ಮ್ಯಾಲೆ ಕೂತು ಗೊತ್ತಿಲ್ಲ ಸಾ. ನನ್ ಬುಟ್ಬುಡಿ."

ಕರೆದೆ, ಬೇಡಿದೆ, ಕೊನೆಗೆ ರೇಗಿದೆ. ಅವರ ಕಣ್ಣಲ್ಲಿ ನೀರು ಬಂದದ್ದೇ ಲಾಭ. ಶಾಲನ್ನು ಮನೆಗೆ ಕಳಿಸಿದರಾಯಿತು ಎಂದರು ಯಾರೋ. ನನಗೆ ಅಳು ಬರುವುದೊಂದು ಬಾಕಿ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಶಾಮಿಯಾನದಣ್ಣ, "ಮರ್ವಾದೆ ಮಾಡ್ಬೇಕು ಅಂದೋರು ನೀವು. ಎದ್ದು ಬರೋ ಕಷ್ಟ ಅವ್ವಂಗ್ಯಾಕೆ ಸಾ? ನಾವೇ ತಿರೀಕಳನ ಬುಡಿ" ಎಂದರು.

ಅಂದವರೇ ಜನರಿಗೆ ಕೈಮುಗಿದು ಎಬ್ಬಿಸಿ, ಒಂದೊಂದೇ ಕುರ್ಚಿಯನ್ನು ಅಡುಗೆಮನೆಯತ್ತ ತಿರುಗಿಸತೊಡಗಿದರು. ಉಳಿದವರು ನಗುತ್ತಾ ತಾವೇ ತಿರುಗಿಸಿಕೊಂಡರು. ವೇದಿಕೆಯಲ್ಲಿದ್ದ ಗಣ್ಯರಿಗೆ ಈಗ ಎಲ್ಲರ ಬೆನ್ನು. ಬೇರೆ ದಾರಿಯಿಲ್ಲದೆ ಅವರೂ ಇಳಿದು ಬಂದು ಹಿಂದಿನ ಸಾಲಿನಲ್ಲಿ ಕೂತರು.

ಗದ್ದಲ ಕೇಳಿ ಅವ್ವ ಬಾಗಿಲಿಗೆ ಬಂದರೆ ಎದುರಿಗೆ ಊರೇ ಇದೆ. ಶಾಮಿಯಾನದಣ್ಣ ಹೊಸಿಲ ಪಕ್ಕ ಒಂದು ಕುರ್ಚಿ ಹಾಕಿ, ಒರೆಸಿ, "ಕೂತ್ಕ, ಗಟ್ಟಿ ಕುರ್ಚಿ ಕಣವ್ವ" ಎಂದರು. ಅವ್ವ ಅದರ ತುದಿಯಲ್ಲಿ ಅಷ್ಟೇ ಅಷ್ಟು ಕೂತರು. ಶಾಲು ಹೊದಿಸಿ ನಾವು ತೊಡಿಸಿದ ಪೇಟ ಜಾರಿ ಕಣ್ಣ ಮೇಲೆ ಬಂದಾಗ ಮಕ್ಕಳಿಗಿಂತ ಜೋರಾಗಿ ನಕ್ಕರು. ನಾನು ಮೈಕು ಮುಟ್ಟಲಿಲ್ಲ. ನನ್ನ ಜನ್ಮದಲ್ಲಿ ಚೆನ್ನಾಗಿ ಮಾಡಿದ ನಿರೂಪಣೆ ಅದೊಂದೇ.

ಕಳೆದ ವರ್ಷ ಶಾಮಿಯಾನದಣ್ಣ ತೀರಿಕೊಂಡರು. ಗೌರವಿಸುವುದೂ ಮೈಬಗ್ಗಿಸಿ ಮಾಡುವ ಕೆಲಸ ಎಂದು ನಾನು ಕಲಿತದ್ದು ಅವರಿಂದ. ಶ್ರದ್ಧಾಂಜಲಿಯ ದಿನ ಮೊದಲ ಸಾಲನ್ನು ಯಥಾಪ್ರಕಾರ ದೊಡ್ಡವರಿಗೆಂದು ಖಾಲಿ ಬಿಟ್ಟಿದ್ದರು. ಅಡುಗೆಯವ್ವ ಬಂದರು. ಯಾರನ್ನೂ ಕೇಳಲಿಲ್ಲ. ನೇರ ಹೋಗಿ ನಡುವಿನ ಕುರ್ಚಿಯಲ್ಲಿ, ಬೆನ್ನು ಪೂರ್ತಿ ಆನಿಸಿ, ಕೂತರು.