ಲಗ್ನಪತ್ರಿಕೆಗಳ ಫ್ರ್ಯಾಕ್ಟಲ್

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಬನಹಟ್ಟಿಯ ಮನೆಯಲ್ಲಿ ಗಣಿತ ಹೊಳೆಪಾಲಾಗುವುದು ಸ್ವಲ್ಪದರಲ್ಲೇ ತಪ್ಪಿತು.

ಕಾಲೇಜಿನ ಗಣಿತ ಪ್ರದರ್ಶನಕ್ಕೆಂದು ಮಗಳು ನೂರಿಪ್ಪತ್ತು ಹಳೆಯ ಲಗ್ನಪತ್ರಿಕೆ ಮಡಚಿ ಇಪ್ಪತ್ತು ಪುಟ್ಟ ಡಬ್ಬಿ ಮಾಡಿ, ಅವನ್ನು ಜೋಡಿಸಿ, ಆರೂ ಮುಖದ ನಡುವೆ ತೂತಿರುವ ಒಂದು ದೊಡ್ಡ ಡಬ್ಬಿ ಕಟ್ಟಿದ್ದಳು. ಪತ್ರಿಕೆಗಳು ನಮ್ಮತ್ತೆಯ ಟ್ರಂಕಿನವು. ಅರಿಸಿನ ಹಚ್ಚಿದ ಪತ್ರಿಕೆಯನ್ನು ಅವರು ಎಸೆಯುವುದಿಲ್ಲ. ವರ್ಷಕ್ಕೊಮ್ಮೆ ಗಲಗಲಿಗೆ ಹೋಗಿ ಕೃಷ್ಣೆಗೆ ಬಿಡುತ್ತಾರೆ.

ಡಬ್ಬಿ ಕಂಡದ್ದೇ ಅತ್ತೆ ಮೊಮ್ಮಗಳನ್ನು ತಡೆದರು: “ದೇವರಿದ್ದ ಪತ್ರಿಕಿ ಮಡಚೀಯಲ್ಲಲೇ! ಬಿಚ್ಚಿ ಕೊಡು, ಹೊಳಿಗೆ ಬಿಡೂಣು.”

“ಬ್ಯಾಡ ಬೇ ಆಯಿ, ಹನ್ನೊಂದಕ್ಕ ತೋರಸಬೇಕು! ದೇವರು ಹೊರಗ ಅದಾನ, ನೋಡು. ಇಂಥಾವು ಇಪ್ಪತ್ತು ಕೂಡಿಸಿದ್ರ ಇದ ಆಕಾರ ಮತ್ತ ದೊಡ್ಡದಾಗಿ ಬರತೈತಿ. ಅಂಥಾವು ಮತ್ತ ಇಪ್ಪತ್ತು. ಮುಗಿಯೂದ ಇಲ್ಲ. ಇದಕ್ಕ ಫ್ರ್ಯಾಕ್ಟಲ್ ಅಂತಾರ.”

ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಯಾವ ಕಡೆ ತಿರುಗಿಸಿದರೂ ಅದೇ ಆಕಾರ, ಅದೇ ಗಣಪತಿ.

“ಛಲೋ ಕಾಣತೈತಿ. ಮುಂದಿಂದಕ್ಕ ಎಷ್ಟ ಪತ್ರಿಕಿ ಬೇಕು?”

“ಎರಡು ಸಾವಿರದ ನಾನೂರು.”

“ಹಂಗಾರ ನಿಂದೂ ಒಂದು ಲಗ್ನಪತ್ರಿಕಿ ಲಗೂನ ಛಾಪಿಸೂಣು.”

ಮಗಳು ಡಬ್ಬಿ ಎತ್ತಿಕೊಂಡು ಬಸ್ಸಿಗೆ ಓಡಿದಳು. ಮುಗಿಯದ ಆ ಆಕಾರವನ್ನು ಸದ್ಯಕ್ಕೆ ಇಲ್ಲಿಗೇ ಮುಗಿಸಿದ್ದಾಳಂತೆ.