ನೀಲಾಂಬಿಕಾ ಮೇಡಂ ಕಳೆದುಕೊಂಡ ನಕ್ಷತ್ರಗಳು

“ಕಣ್ಣಾರೆ ನೋಡದೆ ನಾನು ಯಾವುದಕ್ಕೂ ಸಹಿ ಹಾಕಿದವಳಲ್ಲ” ಎಂಬುದು ಗೋವಿಂದರಾಜನಗರದ ನೀಲಾಂಬಿಕಾ ಮೇಡಂ ಅವರ ಹೆಮ್ಮೆ. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುವ ಈಕೆಯ ಎದುರು ಸೂರ್ಯನೂ ದಾಖಲೆ ತೋರಿಸಿಯೇ ಮೇಲೇರಬೇಕು. ತರಕಾರಿ ಗಾಡಿಯವನು ‘ನಾಟಿ ಟೊಮ್ಯಾಟೊ’ ಎಂದರೆ ಅದರ ಮುತ್ತಾತನ ಊರು ಕೇಳುತ್ತಾರೆ. ಮದುವೆಯಾದ ಹೊಸತರಲ್ಲಿ ಗಂಡ ಕೊಟ್ರೇಶ್ ‘ನೀನಂದ್ರೆ ಪ್ರಾಣ ಕಣೇ’ ಎಂದಾಗಲೂ ‘ಅದಕ್ಕೇನು ಆಧಾರ?’ ಎಂದರಂತೆ. ಆ ಸುದ್ದಿ ವಿಜಯನಗರ ದಾಟಿ ಮಾಗಡಿಯವರೆಗೂ ಹೋಗಿದೆ.

ಇಂಥವರು ಶಾಲೆಗೂ ಅಡುಗೆಮನೆಗೂ ನಡುವೆ, ಕೂದಲು ಬೆಳ್ಳಗಾಗುವವರೆಗೆ ಕೂತು, ಪಿಎಚ್‌ಡಿಗೆ ಒಂದು ಪ್ರಬಂಧ ಬರೆದರು. ವಿಷಯ, ದ್ವಿವಚನದ ಸಾವು. ಸಂಸ್ಕೃತದಲ್ಲಿ ಒಂದು ಕುದುರೆಗೆ ಒಂದು ರೂಪ, ಎರಡಕ್ಕೆ ಬೇರೆ, ಮೂರಾದರೆ ಮತ್ತೂ ಬೇರೆ. ಅದರ ನೆಂಟ ಭಾಷೆಗಳಲ್ಲಿ ಆ ಎರಡರ ರೂಪ ಹೇಗೆ ಸವೆದುಹೋಯಿತು? ಹಳೆಯ ಗ್ರೀಕಿನಲ್ಲಿ ಕುಂಟುತ್ತ ಬದುಕಿತ್ತು. ಲ್ಯಾಟಿನ್ನಿನಲ್ಲಿ ‘ಎರಡು’, ‘ಎರಡೂ’ ಎನ್ನುವ ಪದಗಳಲ್ಲಷ್ಟೇ ಅದರ ಎಲುಬು ಸಿಗುತ್ತದೆ. ಇವೆಲ್ಲಕ್ಕೂ ತಾಯಿಯಾದ ಭಾಷೆಯನ್ನು ಯಾರೂ ಬರೆದಿಟ್ಟಿಲ್ಲ. ಮಕ್ಕಳ ಮುಖ ನೋಡಿ ತಾಯಿಯ ಮುಖ ಊಹಿಸಬೇಕು. ಹಾಗೆ ಊಹಿಸಿದ ಪ್ರತಿ ಪದದ ಮುಂದೆ ಒಂದು ನಕ್ಷತ್ರದ ಗುರುತು ಹಾಕುವುದು ಆ ವಿದ್ಯೆಯ ಕಟ್ಟಳೆ. ‘ಇದನ್ನು ಯಾರೂ ಕಂಡಿಲ್ಲ, ಇದು ನನ್ನ ಊಹೆ’ ಎಂಬ ಒಪ್ಪಿಗೆ ಅದು. ಅದಿಲ್ಲದಿದ್ದರೆ ಸುಳ್ಳು ಸಾಕ್ಷಿ ಹುಟ್ಟಿಸಿದಂತೆ.

ಕೆಂಗೇರಿ ಕಡೆಯ ಕಾಲೇಜೊಂದರಲ್ಲಿ ಮೌಖಿಕ ಪರೀಕ್ಷೆ. ಕೊಟ್ರೇಶ್ ಹಿಂದಿನ ಸಾಲಿನಲ್ಲಿ ಪೇಡದ ಡಬ್ಬ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪರೀಕ್ಷಕರಾದ ಪ್ರೊಫೆಸರ್ ಮಹದೇವ್ ಗುರುತಿಟ್ಟಿದ್ದ ಪುಟ ತೆರೆದರು.

“ಮೂಲಭಾಷೇಲಿ ಎರಡು ಕುದುರೆಗೆ ‘ಎಕ್ವೋ’ ಅಂತ ಬರ್ದಿದೀರಿ. ಯಾವ ಶಾಸನದಲ್ಲಿ ನೋಡಿದ್ರಿ ಮೇಡಂ?”

“ಅದು ಊಹೆ ಸಾರ್. ಸ್ಟಾರ್ ಹಾಕಿದೀನಲ್ಲ.”

“ಎಲ್ಲಿ? ತೋರ್ಸಿ.”

ಮೇಡಂ ಪುಟ ನೋಡಿದರು. ನಕ್ಷತ್ರವಿಲ್ಲ. ಮಗುಚಿದರು. ಅಲ್ಲೂ ಇಲ್ಲ. ಇಡೀ ಪ್ರಬಂಧದಲ್ಲಿ ಹುಣ್ಣಿಮೆಯ ರಾತ್ರಿಗಿಂತ ಕಡಿಮೆ ನಕ್ಷತ್ರ! ಅವರ ಎದೆಬಡಿತ ನೈಸ್ ರಸ್ತೆಯ ಲಾರಿಗಳಿಗೂ ಕೇಳಿಸಿರಬೇಕು.

“ನೋಡಿ ಮೇಡಂ,” ಮಹದೇವ್ ಪೆನ್ನಿನ ಮುಚ್ಚಳ ತೆಗೆದರು. “ಇಲ್ಲದ ಪದಗಳನ್ನ ಇದೆ ಅಂತ ಹೇಳಿದೀರಿ ಅಂತ ನಾನು ವರದಿ ಬರೆದ್ರೆ ಪದವಿ ಸಿಗಲ್ಲ. ನಿಮ್ಮ ನೋಂದಣಿ ಅವಧೀನೂ ಮುಗಿದಿದೆ. ಇನ್ನೊಂದು ಸಲ ಅನ್ನೋದಿಲ್ಲ.”

ಪ್ರಬಂಧ ಸಲ್ಲಿಸುವ ಕಡೆಯ ದಿನದ ಧಾವಂತ ಆಗ ನೆನಪಾಯಿತು. ವಿಜಯನಗರದ ಡಿಟಿಪಿ ಅಂಗಡಿಯ ರಂಜಿನಿಗೆ ಕೆಂಪು ಇಂಕಿನಲ್ಲಿ ತಿದ್ದಿದ ಪ್ರತಿ ಕೊಟ್ಟದ್ದು. ಬೈಂಡ್ ಆಗಿ ಬಂದ ಪ್ರತಿಗಳಿಗೆ ತೆರೆದೂ ನೋಡದೆ ಅಂಗಡಿಯ ಗಾಜಿನ ಮೇಜಿನ ಮೇಲೇ ಸಹಿ ಗೀಚಿದ್ದು. ಮನೆಯ ಪ್ರತಿಗೆ ವಿಭೂತಿ ಹಚ್ಚಿ ದೇವರ ಗೂಡಿನಲ್ಲಿಟ್ಟ ಮೇಲೆ ಅದನ್ನು ತೆರೆಯುವ ಧೈರ್ಯ ಯಾರಿಗೆ? ಪರೀಕ್ಷೆಗೆ ಓದಿದ್ದೆಲ್ಲ ಹಳೆಯ ಕರಡನ್ನೇ.

ಪುಟ ತಿರುಗಿಸುತ್ತಿದ್ದವರು ತಟಕ್ಕನೆ ನಿಂತರು. ಊಹೆಯ ಪದಗಳೆಲ್ಲ ದಪ್ಪಕ್ಷರದಲ್ಲಿದ್ದವು. ಒಂದೂ ಬಿಟ್ಟುಹೋಗಿಲ್ಲ. ಒಂದು ಬದಲಾವಣೆ ಎಲ್ಲೆಡೆ ಒಂದೇ ತೆರನಾಗಿ ಆಗಿದ್ದರೆ ಅದರ ಹಿಂದೊಂದು ನಿಯಮವಿರಬೇಕೆಂದು ಸ್ವತಃ ಅವರೇ ಮೊದಲ ಅಧ್ಯಾಯದಲ್ಲಿ ಬರೆದಿದ್ದರು.

“ಸಾರ್, ನಮ್ ಶಾಲೆಗಳಲ್ಲಿ ಪರೀಕ್ಷೆಗೆ ಬರೋ ಪ್ರಶ್ನೆಗೆ ಸ್ಟಾರ್ ಹಾಕ್ತೀವಿ, ಇಂಪಾರ್ಟೆಂಟ್ ಅಂತ. ಟೈಪ್ ಮಾಡಿದವರು ಹಾಗೇ ತಿಳ್ಕೊಂಡು, ಸ್ಟಾರ್ ತೆಗೆದು ದಪ್ಪ ಮಾಡಿರ್ಬೇಕು.”

ಮಹದೇವ್ ಇನ್ನೊಂದು ಪುಟಕ್ಕೆ ಬೆರಳಿಟ್ಟರು. “ಹಂಗಾದ್ರೆ ಈ ‘ಅಶ್ವೌ’? ಇದು ವೇದದಲ್ಲೇ ಇರೋ ರೂಪ, ಊಹೆ ಅಲ್ಲ. ಇದೂ ದಪ್ಪ ಇದೆಯಲ್ಲ!”

ಮೇಡಂ ಕಣ್ಣು ಮುಚ್ಚಿದರು. ಕೆಂಪು ಇಂಕು ಕಂಡಿತು.

“ಅದು... ನಾನೇ ಸಾರ್. ಇವತ್ತು ಇದನ್ನ ಮರೀದೆ ಹೇಳ್ಬೇಕು ಅಂತ ಟೈಪಿಗೆ ಕೊಟ್ಟ ಪ್ರತೀಲೇ ಕೆಂಪು ಪೆನ್ನಲ್ಲಿ ಸ್ಟಾರ್ ಹಾಕಿದ್ದೆ. ಮೇಷ್ಟ್ರ ಚಾಳಿ.”

“ಆ ಟೈಪ್ ಮಾಡಿದವ್ರಿಗೆ ಫೋನ್ ಮಾಡಿ. ಸ್ಪೀಕರ್ ಹಾಕಿ. ನೀವು ಮಾತಾಡ್ಬೇಡಿ, ನಾನ್ ಕೇಳ್ತೀನಿ.”

ಫೋನು ರಿಂಗಾಗಿ ರಿಂಗಾಗಿ ಕೊನೆಗೆ ರಂಜಿನಿಯ ದನಿ ಬಂತು. ಮೇಡಂ ಪ್ರಬಂಧದ ಸ್ಟಾರ್‌ಗಳು ಏನಾದವೆಂದು ಮಹದೇವ್ ಕೇಳಿದರು.

“ಆ ಥೀಸಿಸ್ಸಾ ಸಾರ್? ಸ್ಟಾರ್ ಇರೋದೆಲ್ಲ ಇಂಪಾರ್ಟೆಂಟ್ ಅಲ್ವಾ, ನಾನೇ ಎಲ್ಲಾ ಬೋಲ್ಡ್ ಮಾಡ್ದೆ. ಎಕ್ಸ್‌ಟ್ರಾ ಚಾರ್ಜೂ ತಗೊಂಡಿಲ್ಲ. ಯಾಕೆ ಸಾರ್, ಚೆನ್ನಾಗ್ ಕಾಣ್ಸಲ್ವಾ?”

“ಕೆಂಪು ಇಂಕಲ್ಲಿ ಇದ್ದ ಸ್ಟಾರು?”

“ಒಂದೇ ಇತ್ತು. ಅದನ್ನೂ ಮಾಡಿದೀನಿ ಸಾರ್.”

ಮಹದೇವ್ ಪೆನ್ನಿಗೆ ಮುಚ್ಚಳ ಹಾಕಿದರು. ನಕ್ಷತ್ರಗಳನ್ನೆಲ್ಲ ಸ್ವಸ್ಥಾನಕ್ಕೆ ಸೇರಿಸಿ ತಿದ್ದಿದ ಪ್ರತಿ ಕೊಟ್ಟರೆ ಪದವಿಗೆ ಶಿಫಾರಸು ಮಾಡುವುದಾಗಿ ಹೇಳಿ ಎದ್ದರು.

ಹೊರಗೆ ಬಂದ ಮೇಲೆ, ಅಷ್ಟು ಹೊತ್ತು ತಡೆದುಕೊಂಡಿದ್ದ ಕೊಟ್ರೇಶ್ ಪೇಡದ ಡಬ್ಬ ತೆರೆಯುತ್ತ ಬಾಯಿಯನ್ನೂ ತೆರೆದರು. “ಏನಮ್ಮಾ, ಕಣ್ಣಾರೆ ನೋಡದೆ ಯಾವುದಕ್ಕೂ ಸಹಿ ಹಾಕಿದವಳಲ್ಲ ಅಂತಿದ್ದೆ?”

ಮೇಡಂ ಪೇಡ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. “ಆ ಮಾತಿನ ಮುಂದೆ ಒಂದು ಸ್ಟಾರ್ ಹಾಕ್ಕೊಳ್ಳಿ ರೀ. ಮದುವೆ ಹೊಸದ್ರಲ್ಲಿ ನೀವು ಹೇಳಿದ ಮಾತಿಗೆ ನಾನು ಅವತ್ತೇ ಹಾಕಿಟ್ಟಿದೀನಿ.”